ನಿಮ್ಮಲ್ಲಿ ಕರೆಂಟ್ ಹೋದರೆ ಎಷ್ಟು ಗಂಟೆ?

ನಾನು ಮಡಿಕೇರಿಯ ಸಮೀಪ ನೆಲೆಸಿರುವ ನಿವೃತ್ತ ಮೇಷ್ಟ್ರು. ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆಯಿಂದಾಗಿ ನಾಲ್ಕು ವರ್ಷಗಳಿಂದ ದಿನಕ್ಕೆ ಹದಿನಾರು ಗಂಟೆ ಮೂಗಿಗೆ ಆಕ್ಸಿಜನ್ ನಳಿಕೆ ಸಿಕ್ಕಿಸಿಕೊಂಡಿರುತ್ತೇನೆ. ಪ್ರಮಾಣ ನಿಮಿಷಕ್ಕೆ ಎರಡು ಲೀಟರ್. ಈ ಅವಧಿಯಲ್ಲಿ ನನಗೆ ಧಾರಾಳವಾಗಿ ಸಿಕ್ಕಿರುವುದು ಒಂದೇ ಸಲಹೆ: "ಈ ಸ್ಥಿತಿಯಲ್ಲಿ ಎಲ್ಲಿಗೆ ಹೋಗುತ್ತೀರಿ ಮೇಷ್ಟ್ರೇ, ಸುಮ್ಮನೆ ಮನೆಯಲ್ಲಿರಿ." ಹೇಳುವವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಇದು ವೈದ್ಯಕೀಯ ಸಲಹೆಯಲ್ಲ. ಲೆಕ್ಕ ಹಾಕುವ ತೊಂದರೆಯನ್ನು ತಪ್ಪಿಸಿಕೊಳ್ಳುವ ಮಾತು ಎಂಬುದು ನನ್ನ ಅಭಿಪ್ರಾಯ. ಆಕ್ಸಿಜನ್ ಬೇಕಾದವನ ಪ್ರವಾಸದಲ್ಲಿ ಹೋಗಬಹುದೇ ಎಂಬುದಕ್ಕಿಂತ, ಎಷ್ಟು ಗಂಟೆಗೆ ಬೇಕು, ಎಷ್ಟು ಗಂಟೆಗೆ ಇದೆ ಎಂಬುದೇ ಮೊದಲ ಪ್ರಶ್ನೆ.

ಸಿಲಿಂಡರಿನ ಲೆಕ್ಕ ಐದನೇ ತರಗತಿಯ ಮಕ್ಕಳೂ ಮಾಡುವಂಥದ್ದು. ಹತ್ತು ಲೀಟರ್ ನೀರು ಹಿಡಿಸುವ ಗಾತ್ರದ ಬಿ ಟೈಪ್ ಸಿಲಿಂಡರಿನಲ್ಲಿ ಒತ್ತಡದ ಮೀಟರಿನ ಮುಳ್ಳು 150 ಬಾರ್ ತೋರಿಸುತ್ತಿದ್ದರೆ ಒಳಗೆ ಸುಮಾರು 1,500 ಲೀಟರ್ ಆಮ್ಲಜನಕವಿದೆ ಎಂದರ್ಥ. ನಿಮಿಷಕ್ಕೆ ಎರಡು ಲೀಟರಿನಂತೆ ಅದು 750 ನಿಮಿಷ, ಅಂದರೆ ಹನ್ನೆರಡೂವರೆ ಗಂಟೆ ಬರುತ್ತದೆ. ಮುಳ್ಳು ನೂರಕ್ಕೆ ಇಳಿದಿದ್ದರೆ ಎಂಟು ಗಂಟೆ ಇಪ್ಪತ್ತು ನಿಮಿಷ. ಇದರಲ್ಲಿ ಕಾಲು ಭಾಗವನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಏಕೆಂದರೆ ಮಡಿಕೇರಿಯಿಂದ ಮಂಗಳೂರಿನ ಕಡೆಗೆ ಇಳಿಯುವ ಸಂಪಾಜೆ ಘಾಟಿಯಲ್ಲಿ ಒಂದು ಮರ ಬಿದ್ದರೆ ವಾಹನಗಳ ಸಾಲು ಎಷ್ಟು ಹೊತ್ತು ನಿಲ್ಲುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕಾರಿನಲ್ಲಿ ಸಿಲಿಂಡರನ್ನು ಉರುಳದಂತೆ ಬೆಲ್ಟಿನಿಂದ ಬಿಗಿಯುತ್ತೇವೆ, ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಡುತ್ತೇವೆ. ಬೀಡಿ ಸಿಗರೇಟು ಸೇದುವ ಚಾಲಕರನ್ನು, ಅವರು ಎಷ್ಟೇ ಒಳ್ಳೆಯವರಾಗಿರಲಿ, ಕರೆಯುವುದಿಲ್ಲ. ತುಟಿ ಒಡೆಯಿತೆಂದು ವ್ಯಾಸಲೀನ್ ಹಚ್ಚಿಕೊಳ್ಳುವುದನ್ನೂ ಬಿಟ್ಟಿದ್ದೇನೆ. ಆಮ್ಲಜನಕದ ಜೊತೆ ಎಣ್ಣೆ, ಗ್ರೀಸು ಸೇರಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ರೆಗ್ಯುಲೇಟರನ್ನು ಬಿಗಿಯುವ ಸ್ಪ್ಯಾನರ್ ನನ್ನ ಚೀಲದಲ್ಲೇ ಇರುತ್ತದೆ. ಒಮ್ಮೆ ತುಂಬಿದ ಸಿಲಿಂಡರಿದ್ದೂ, ಅದನ್ನು ತೆರೆಯುವ ಸಾಧನವಿಲ್ಲದೆ ಒಂದು ಗ್ಯಾರೇಜಿನ ಮುಂದೆ ಅರ್ಧ ಗಂಟೆ ಕಾದ ಮೇಲೆ ಬಂದ ಬುದ್ಧಿ ಇದು.

ವಿಚಿತ್ರವೆಂದರೆ, ನನ್ನಂಥವನಿಗೆ ಮನೆಯಲ್ಲಿರುವುದಕ್ಕಿಂತ ಕೆಲವು ಊರುಗಳಿಗೆ ಹೋಗುವುದೇ ಸಲೀಸು. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಶೇಕಡಾ 21. ಎತ್ತರಕ್ಕೆ ಹೋದಂತೆ ಕಡಿಮೆಯಾಗುವುದು ಗಾಳಿಯ ಒತ್ತಡ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಆ ಒತ್ತಡ ಕಡಲತೀರಕ್ಕಿಂತ ಶೇಕಡಾ ಹನ್ನೆರಡು ಹದಿಮೂರರಷ್ಟು ಕಡಿಮೆ. ನಳಿಕೆ ತೆಗೆದು ಸುಮ್ಮನೆ ಕೂತರೆ ಇಲ್ಲಿ ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ನನ್ನ ಆಕ್ಸಿಮೀಟರ್ ಶೇಕಡಾ 88 ತೋರಿಸುತ್ತದೆ. ಅದೇ ದಿನ ಸುಳ್ಯ, ಪುತ್ತೂರು ದಾಟಿ ಮಂಗಳೂರಿಗೆ ಇಳಿದು ನೋಡಿದರೆ 92. ಹೆಂಡತಿ ಉಪಕರಣ ಕೆಟ್ಟಿದೆಯೆಂದು ತನ್ನ ಬೆರಳಿಗೂ ಹಾಕಿ ನೋಡಿದಳು. ಮಂಗಳೂರಿನ ಸೆಕೆಯನ್ನು ಮನಸಾರೆ ಹೊಗಳಿದ ಕೊಡಗಿನವನು ಬಹುಶಃ ನಾನೊಬ್ಬನೇ ಇರಬೇಕು.

ಅದೇ ಪ್ರವಾಸದಲ್ಲಿ ನಡೆದ ಒಂದು ಘಟನೆಯನ್ನು ಹೇಳಲೇಬೇಕು. ನಾವು ಇಳಿದುಕೊಂಡಿದ್ದ ಲಾಡ್ಜಿನಲ್ಲಿ ಬಾಗಿಲ ಪಕ್ಕದ ಗೂಡಿಗೆ ಕಾರ್ಡ್ ಸಿಕ್ಕಿಸಿದರೆ ಮಾತ್ರ ಕೋಣೆಗೆ ವಿದ್ಯುತ್ ಬರುವ ವ್ಯವಸ್ಥೆಯಿತ್ತು. ಬೆಳಿಗ್ಗೆ ನಾನು ಇನ್ನೂ ನಿದ್ದೆಯಲ್ಲಿದ್ದಾಗ ಹೆಂಡತಿ ಕಾಫಿ ತರಲೆಂದು ಆ ಕಾರ್ಡನ್ನೇ ತೆಗೆದುಕೊಂಡು ಕೆಳಗಿಳಿದಳು. ನನ್ನ ಕಾನ್ಸಂಟ್ರೇಟರ್, ಅಂದರೆ ಗಾಳಿಯಿಂದ ಸಾರಜನಕವನ್ನು ಹಿಡಿದಿಟ್ಟು ಆಮ್ಲಜನಕವನ್ನು ಸಾಂದ್ರಗೊಳಿಸಿ ಕೊಡುವ ಯಂತ್ರ, ಕೀ ಎಂದು ಕೂಗಿ ನಿಂತುಹೋಯಿತು. ಕತ್ತಲೆಯ ಕೋಣೆಯಲ್ಲಿ ಕಣ್ಣುಬಿಟ್ಟವನಿಗೆ ಮೊದಲು ಏನಾಗಿದೆಯೆಂದೇ ಹೊಳೆಯಲಿಲ್ಲ. ಕೊನೆಗೆ ಚೀಲದಲ್ಲಿದ್ದ ನನ್ನ ಹಳೆಯ ಗ್ರಂಥಾಲಯದ ಕಾರ್ಡನ್ನು ಆ ಗೂಡಿಗೆ ತುರುಕಿದೆ. ದೀಪ ಹೊತ್ತಿತು, ಯಂತ್ರವೂ ಉಸಿರಾಡತೊಡಗಿತು. ಅಂದಿನಿಂದ ಎಲ್ಲಿಗೆ ಹೋದರೂ ಆ ಕಾರ್ಡ್ ನನ್ನ ಅಂಗಿಯ ಜೇಬಿನಲ್ಲಿರುತ್ತದೆ.

ವಿಮಾನದ ವಿಷಯ ಬೇರೆ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ 8,000 ಅಡಿ ಎತ್ತರದಲ್ಲಿರುವ ಮಟ್ಟಕ್ಕೂ ಇಳಿಯಬಹುದು. ಅದು 2,400 ಮೀಟರಿಗಿಂತ ಹೆಚ್ಚು. ನಮ್ಮ ಜಿಲ್ಲೆಯ ಅತಿ ಎತ್ತರದ ತಡಿಯಂಡಮೋಳ್ ಶಿಖರವೇ 1,748 ಮೀಟರ್ ಎಂದಮೇಲೆ, ವಿಮಾನದಲ್ಲಿ ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದರೂ ನನ್ನ ಶ್ವಾಸಕೋಶ ತಡಿಯಂಡಮೋಳನ್ನು ಹತ್ತಿ ಇನ್ನೂ ಆರುನೂರು ಮೀಟರಿಗೂ ಹೆಚ್ಚು ಮೇಲೇರಿದಂತೆ. ಆದ್ದರಿಂದ ನೆಲದ ಮೇಲೆ ಆಕ್ಸಿಜನ್ ಬೇಡದವರಿಗೂ ಅಲ್ಲಿ ಬೇಕಾಗಬಹುದು. ಮನೆಯ ಸಿಲಿಂಡರನ್ನು ವಿಮಾನದೊಳಗೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ವಿಮಾನಕ್ಕೆ ಒಪ್ಪಿಗೆಯಿರುವ, ಬ್ಯಾಟರಿಯಿಂದ ನಡೆಯುವ ಕೈಚೀಲದ ಗಾತ್ರದ ಕಾನ್ಸಂಟ್ರೇಟರ್ ಇರಬೇಕು. ವೈದ್ಯರು ತುಂಬಿ ಸಹಿ ಹಾಕಬೇಕಾದ ಮೆಡಿಫ್ ಎಂಬ ನಮೂನೆಯನ್ನು ಮುಂಚಿತವಾಗಿ ಕಳಿಸಬೇಕು. ಎಷ್ಟು ಮುಂಚೆ ಎಂಬುದನ್ನು ಟಿಕೆಟ್ ಕೊಳ್ಳುವ ಮೊದಲೇ ಕೇಳಿ, ಉತ್ತರವನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ "ಏನೂ ತೊಂದರೆ ಇಲ್ಲ ಸರ್" ಎಂದವರು ವಿಮಾನ ನಿಲ್ದಾಣದ ಕೌಂಟರಿನಲ್ಲಿ ಇರುವುದಿಲ್ಲ. ಕಳೆದ ವರ್ಷ ಮಗಳ ಮನೆಗೆ ಹೊರಟಾಗ ಆ ಕೌಂಟರಿನಲ್ಲಿ ನಾನು ಐವತ್ತು ನಿಮಿಷ ನಿಂತಿದ್ದೆ.

ಬ್ಯಾಟರಿಯ ಲೆಕ್ಕದಲ್ಲಿಯೂ ಬಹಳಷ್ಟು ಜನ ಎಡವುತ್ತಾರೆ. ಹಾರಾಟದ ಅವಧಿಯ ಒಂದೂವರೆ ಪಟ್ಟು ಬ್ಯಾಟರಿ ಇರಬೇಕೆಂಬುದು ವಿಮಾನ ಸಂಸ್ಥೆಗಳ ಸಾಮಾನ್ಯ ನಿಯಮ. ಕಣ್ಣೂರಿನಿಂದ ಮುಂಬೈಗೆ ಎರಡು ಗಂಟೆ ಎಂದು ಮೂರು ಗಂಟೆಯ ಬ್ಯಾಟರಿ ಹಿಡಿದು ಹೊರಟರೆ ಕೆಟ್ಟಿರಿ. ಕಣ್ಣೂರಿಗೆ ಹೋಗಲು ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿಯುವಾಗ ಯಂತ್ರಕ್ಕೆ ಕಾರಿನ ಚಾರ್ಜರ್ ಇದೆಯೆಂದುಕೊಂಡರೂ, ವಿಮಾನ ನಿಲ್ದಾಣದ ಮೂರು ಗಂಟೆ, ಹಾರಾಟದ ಎರಡು, ಆಮೇಲೆ ಮುಂಬೈಯ ದಟ್ಟಣೆಯ ಒಂದೂವರೆ ಸೇರಿ ಆರೂವರೆಯಾಗುತ್ತದೆ. ಅದರ ಒಂದೂವರೆ ಪಟ್ಟು ಹತ್ತು ಗಂಟೆಯ ಹತ್ತಿರ. ಹೆಚ್ಚುವರಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಬ್ಯಾಟರಿಯ ಮೇಲೆ ಬರೆದಿರುವ ವಾಟ್ ಅವರ್ ನೂರನ್ನು ಮೀರಿದ್ದರೆ ವಿಮಾನ ಸಂಸ್ಥೆಯ ಅನುಮತಿ ಬೇಕಾಗುತ್ತದೆ. ಇನ್ನೊಂದು ಮಾತು: ಈ ಸಣ್ಣ ಯಂತ್ರಗಳು ಹೆಚ್ಚಾಗಿ ಉಸಿರು ಎಳೆದಾಗ ಮಾತ್ರ ಆಮ್ಲಜನಕ ಬಿಡುತ್ತವೆ. ಅದರ ಮೇಲಿನ 2 ಎಂಬ ಅಂಕಿ ನಿಮಿಷಕ್ಕೆ ಎರಡು ಲೀಟರ್ ಅಲ್ಲ. ಹೊರಡುವ ಮುನ್ನ ಅದನ್ನು ಹಾಕಿಕೊಂಡು ನಡೆದಾಡಿ ಆಕ್ಸಿಮೀಟರ್ ನೋಡಿಕೊಳ್ಳಬೇಕು. ನಿದ್ದೆಯಲ್ಲಿ ಅದು ಸಾಕಾಗುತ್ತದೆಯೇ ಎಂಬುದನ್ನು ವೈದ್ಯರೇ ಹೇಳಬೇಕು. ಹಾಗೆಯೇ, ದಣಿವಾಯಿತೆಂದು ನಾವೇ ಎರಡನ್ನು ನಾಲ್ಕು ಮಾಡಿಕೊಳ್ಳುವುದೂ ಅಪಾಯ. ಸಿಒಪಿಡಿ ಇರುವ ಕೆಲವರಿಗೆ ಆಮ್ಲಜನಕ ಅತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಕೂತಾಗ ಎಷ್ಟು, ನಡೆದಾಗ ಎಷ್ಟು, ಮಲಗಿದಾಗ ಎಷ್ಟು ಎಂದು ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಡಿ ಎಂದು ವೈದ್ಯರನ್ನು ಕೇಳುವುದಕ್ಕೆ ಸಂಕೋಚ ಪಡಬೇಕಾಗಿಲ್ಲ.

ಇನ್ನು ನಮ್ಮ ಜಿಲ್ಲೆಯ ಮಾತು. ರೈಲಿಲ್ಲದ ಕೊಡಗಿಗೆ ಬರುವವರೆಲ್ಲ ರಸ್ತೆಯಲ್ಲೇ ಬರಬೇಕು, ಬಂದವರಿಗೆ ಹೋಂಸ್ಟೇಗಳಿಗೇನೂ ಕೊರತೆಯಿಲ್ಲ. ಕಾಫಿ ತೋಟದ ನೋಟ, ಕ್ಯಾಂಪ್ ಫೈರ್, ಪಂದಿಕರಿ ಎಲ್ಲದರ ಚಿತ್ರವೂ ಜಾಹೀರಾತಿನಲ್ಲಿರುತ್ತದೆ. ಆದರೆ ಕರೆಂಟ್ ಹೋದರೆ ಎಷ್ಟು ಗಂಟೆ ಬ್ಯಾಕಪ್ ಇದೆ ಎಂದು ಕೇಳಿದರೆ "ಜನರೇಟರ್ ಇದೆ ಸರ್" ಎನ್ನುತ್ತಾರೆ. ಆ ಜನರೇಟರ್ ಸಂಜೆ ಏಳರಿಂದ ಹತ್ತರವರೆಗೆ ಮಾತ್ರ ಓಡುತ್ತದೆಂಬುದು ರಾತ್ರಿ ಹತ್ತರ ನಂತರವಷ್ಟೇ ತಿಳಿಯುತ್ತದೆ. ನಿಮಿಷಕ್ಕೆ ಐದು ಲೀಟರ್ ಕೊಡಬಲ್ಲ ಮನೆಬಳಕೆಯ ಕಾನ್ಸಂಟ್ರೇಟರ್ ಸುಮಾರು 350 ವಾಟ್ ಎಳೆಯುತ್ತದೆ. 150 ಆಂಪಿಯರ್ ಅವರ್‌ನ ಒಂದು ಬ್ಯಾಟರಿಯ ಇನ್ವರ್ಟರ್ ಹೊಸದಿದ್ದರೆ, ಬೇರೆ ಏನನ್ನೂ ಹಾಕದಿದ್ದರೆ, ಮೂರೂವರೆ ನಾಲ್ಕು ಗಂಟೆ ತಾಳಬಹುದು. ಆಷಾಢದ ರಾತ್ರಿಗೆ ಅದು ಯಾವ ಮೂಲೆಗೂ ಸಾಲದು. ಇದನ್ನು ಮುಂಚೆಯೇ ಹೇಳಿದರೆ ನಾವು ಸಿಲಿಂಡರ್ ಜೊತೆಗೇ ಬರುತ್ತೇವೆ, ಇಲ್ಲವೇ ಮಳೆ ಕಳೆದ ಮೇಲೆ ಬರುತ್ತೇವೆ. ಕ್ಯಾಂಪ್ ಫೈರ್ ಬಗ್ಗೆಯೂ ಅಷ್ಟೇ: ಉರಿಯಿಂದ ಕನಿಷ್ಠ ಮೂರು ಮೀಟರ್ ದೂರವಿರಬೇಕೆಂಬುದು ನಮಗೆ ಗೊತ್ತಿದೆ. ಸುಗ್ಗಿಯ ಹಬ್ಬವಾದ ಪುತ್ತರಿಗೆ ಪಕ್ಕದ ಐನ್‌ಮನೆಯವರು, ಅಂದರೆ ಕೊಡವ ಕುಲದ ಹಿರಿಮನೆಯವರು, ಕರೆದಾಗ ನಾನು ದೀಪದಿಂದ ದೂರ, ಕಯ್ಯಾಲೆ ಎಂಬ ಜಗುಲಿಯ ತುದಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂರುತ್ತೇನೆ, ಮತ್ತು ತಂಬಿಟ್ಟು ಅಲ್ಲಿಗೇ ಬರುತ್ತದೆ.

ಹಲವು ಮಾಲೀಕರು ಯಂತ್ರದ ಹೆಸರು ಕೇಳಿದ ಕೂಡಲೇ "ಏನಾದರೂ ಆದರೆ ನಮಗೆ ತೊಂದರೆ" ಎಂದು ಫೋನ್ ಇಡುತ್ತಾರೆ. ಅವರ ಭಯ ಅರ್ಥವಾಗುತ್ತದೆ, ಆದರೆ ಅದನ್ನು ಒಪ್ಪಲಾರೆ. ನಾವು ಕೇಳುತ್ತಿರುವುದು ಒಂದು ಪ್ಲಗ್ ಪಾಯಿಂಟಿನ ವಿವರವನ್ನು, ನರ್ಸನ್ನಲ್ಲ.

ಮೊನ್ನೆ ಕಕ್ಕಬ್ಬೆಯ ಕಡೆಯ ಒಂದು ಹೋಂಸ್ಟೇಯವರಿಗೆ ಇದೇ ಪ್ರಶ್ನೆಗಳನ್ನು ಬರೆದು ಕಳಿಸಿದ್ದೆ. ಆ ಮನೆಯೊಡತಿ ಸಂಜೆಯೊಳಗೆ ಉತ್ತರಿಸಿದರು: "ಅಂಗಳದಿಂದ ಕೋಣೆಗೆ ಹನ್ನೊಂದು ಮೆಟ್ಟಿಲು, ಐದನೆಯದರ ಬಳಿ ಕೂರಲು ಕಟ್ಟೆ ಇದೆ. ಇನ್ವರ್ಟರ್ ಎರಡು ಬ್ಯಾಟರಿಯದ್ದು, ಅದರ ಪ್ಲಗ್ ಮಂಚದ ಎಡಕ್ಕೆ. ವೋಲ್ಟೇಜ್ ಸಂಜೆ ಇಳಿಯುತ್ತದೆ, ಸ್ಟೆಬಿಲೈಜರ್ ತನ್ನಿ ಅಣ್ಣ." ಜನವರಿಯ ಎರಡನೆಯ ವಾರಕ್ಕೆ ಎರಡು ರಾತ್ರಿ ಕಾದಿರಿಸಿದ್ದೇನೆ.