13 ಅಡಿ ಗೋಡೆ, 2 ರೂಪಾಯಿ ಜೆರಾಕ್ಸ್

ದೇಶದ ಜನರ ಆಧಾರ್ ಮಾಹಿತಿ 13 ಅಡಿ ಎತ್ತರ, 5 ಅಡಿ ದಪ್ಪದ ಗೋಡೆ ಹಿಂದೆ ಭದ್ರವಾಗಿದೆ. ಹೀಗಂತ 2018ರ ಮಾರ್ಚ್‌ನಲ್ಲಿ ಅಂದಿನ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಸುಪ್ರೀಂ ಕೋರ್ಟ್‌ಗೆ ಹೇಳಿದರು. ಕೇಳಿ ತುಂಬಾ ಜನ ನಕ್ಕರು. ನಾವು ಬಳ್ಳಾರಿಯವರು ನಗಲಿಲ್ಲ. ಗೋಡೆ ವಿಷಯದಲ್ಲಿ ನಮಗೆ ಅನುಭವ ಸ್ವಲ್ಪ ಜಾಸ್ತಿ.

ನಮ್ಮೂರ ಕೋಟೆ ಕತೆ ಗೊತ್ತಲ್ವಾ? ಹೈದರಾಲಿ ಒಬ್ಬ ಫ್ರೆಂಚ್ ಇಂಜಿನಿಯರ್‌ನನ್ನು ಹಿಡಿದು ಬಳ್ಳಾರಿ ಗುಡ್ಡದ ಕೋಟೆ ಗಟ್ಟಿ ಮಾಡಿಸಿದ. ಕೆಲಸ ಮುಗಿದ ಮೇಲೆ ನಿಂತು ನೋಡಿದರೆ ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ! ಅಲ್ಲೊಂದು ತೋಪು ಇಟ್ಟರೆ ಮುಗೀತು. ಸಿಟ್ಟಿಗೆದ್ದ ಹೈದರ್ ಇಂಜಿನಿಯರ್‌ನನ್ನು ನೇಣಿಗೆ ಹಾಕಿಸಿದ ಅಂತ ಊರಲ್ಲಿ ಇವತ್ತಿಗೂ ಹೇಳುತ್ತಾರೆ. ಆಧಾರ್ ಗೋಡೆಗೂ ಒಂದು ಕುಂಬಾರ ಗುಡ್ಡ ಇದೆ. ಎಲ್ಲ ಸರ್ಕಾರಿ ಕಚೇರಿಗಳ ಎದುರಿಗೂ ಇದೆ. ಒಂದು ಸೈಡಿಗೆ 2 ರೂಪಾಯಿ. ಇಂಜಿನಿಯರ್‌ಗಳು ಮಾತ್ರ ಈಗ ಆರಾಮಾಗಿದ್ದಾರೆ. ಪ್ರಮೋಷನ್ನೂ ಆಗಿರಬಹುದು.

ವಿಷಯ ಏನಪ್ಪಾ ಅಂದರೆ, ಖಾಸಗಿತನ ನಮ್ಮ ಮೂಲಭೂತ ಹಕ್ಕು. ಅದನ್ನು ಕೊಡಿಸಿದವರು ನಮ್ಮವರೇ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅವರು ಆಧಾರ್ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದಾಗ ವಯಸ್ಸು 86. ಆ ವಯಸ್ಸಿನಲ್ಲಿ ಉಳಿದವರು ಪಿಂಚಣಿಗಾಗಿ ತಾವು ಬದುಕಿದ್ದೇವೆ ಅಂತ ಬ್ಯಾಂಕಿಗೆ ಹೋಗಿ ತೋರಿಸಿ ಬರುತ್ತಾರೆ. ಅದಕ್ಕೂ ಒಂದು ಆಧಾರ್ ಜೆರಾಕ್ಸ್ ಹಚ್ಚುತ್ತಾರೆ.

ಸರ್ಕಾರದ ಉತ್ತರ ತುಂಬಾ ಸರಳವಾಗಿತ್ತು. ಸಂವಿಧಾನದಲ್ಲಿ ಅಂಥ ಹಕ್ಕೇ ಇಲ್ಲ ಸ್ವಾಮಿ! ಅದಕ್ಕೆ ಆಧಾರವಾಗಿ ತೋರಿಸಿದ್ದು ಹಳೇ ತೀರ್ಪುಗಳನ್ನು. ಅದರಲ್ಲೊಂದು 1962ರ ಖರಕ್ ಸಿಂಗ್ ಕೇಸು. ಉತ್ತರ ಪ್ರದೇಶದ ಈತನನ್ನು ಡಕಾಯಿತಿ ಕೇಸಲ್ಲಿ ಹಿಡಿದು, ಸಾಕ್ಷಿ ಇಲ್ಲ ಅಂತ ಬಿಟ್ಟಿದ್ದರು. ಬಿಟ್ಟ ಮೇಲೂ ಹೆಸರಲ್ಲೊಂದು ಹಿಸ್ಟರಿ ಶೀಟ್ ತೆರೆದರು. ಪೊಲೀಸರು ರಾತ್ರಿ ಹೊತ್ತು ಬಂದು ಬಾಗಿಲು ಬಡಿದು ಎಬ್ಬಿಸೋರು. ರಾತ್ರಿ ಮನೆಗೆ ಹೋಗೋದು ತಪ್ಪು ಅಂತು ಕೋರ್ಟು. ಆದರೆ ಹಿಂದೆ ಬಿದ್ದು ಓಡಾಟದ ಮೇಲೆ ನಿಗಾ ಇಡಬಹುದು, ಖಾಸಗಿತನ ಅನ್ನೋದು ಸಂವಿಧಾನ ಕೊಟ್ಟ ಹಕ್ಕಲ್ಲ ಅಂತು. ಪಾಪ, ಆಗಿನ ಪೊಲೀಸರಿಗೆ ಎಷ್ಟು ಕಷ್ಟ ನೋಡಿ. ನಿದ್ದೆಗೆಟ್ಟು ಅವನ ಮನೆಗೇ ಹೋಗಬೇಕಿತ್ತು. ಈಗ ನಾವೇ ಹೋಗಿ ಕೊಟ್ಟು ಬರುತ್ತೇವೆ, ಬಳ್ಳಾರಿ ಬಿಸಿಲಲ್ಲಿ ಟೋಕನ್ ಹಿಡಿದು ನಿಂತು.

ಕೊನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ಮಾತಲ್ಲಿ ಹೇಳಿದರು: ಖಾಸಗಿತನ ಮೂಲಭೂತ ಹಕ್ಕು, ಜೀವ, ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಯಲ್ಲೇ ಇದೆ. ತೀರ್ಪು 547 ಪುಟ. ಎಮರ್ಜೆನ್ಸಿ ಹೊತ್ತಲ್ಲಿ, 1976ರಲ್ಲಿ, ಜೀವಿಸುವ ಹಕ್ಕಿಗೂ ಕೋರ್ಟ್ ಬಾಗಿಲು ತಟ್ಟುವಂತಿಲ್ಲ ಅಂದಿತ್ತಲ್ಲ ಎಡಿಎಂ ಜಬಲ್ಪುರ ತೀರ್ಪು, ಅದನ್ನೂ ಈ ತೀರ್ಪಿನಲ್ಲೇ ತೆಗೆದು ಬಿಸಾಕಿದರು. ಆ ಹಳೇ ತೀರ್ಪು ಬರೆದವರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರು. ತೆಗೆದು ಬಿಸಾಕಿದವರಲ್ಲಿ ಅವರ ಮಗ ಡಿ.ವೈ. ಚಂದ್ರಚೂಡ್ ಒಬ್ಬರು. ನಮ್ಮ ಮನೆಗಳಲ್ಲಿ ಅಪ್ಪ ಇಟ್ಟ ಟಿವಿ ವಾಲ್ಯೂಮ್ ಕಮ್ಮಿ ಮಾಡೋಕೂ ಧೈರ್ಯ ಬರಲ್ಲ.

ಮರು ವರ್ಷ ಆಧಾರ್ ತೀರ್ಪು ಬಂತು. ಸಬ್ಸಿಡಿಗೆ, ಪ್ಯಾನ್‌ಗೆ ಸರಿ. ಸಿಮ್‌ಗೆ, ಬ್ಯಾಂಕ್ ಖಾತೆಗೆ, ಶಾಲೆ ಸೇರೋಕೆ ಕಡ್ಡಾಯ ಮಾಡುವಂತಿಲ್ಲ. ಆಮೇಲೆ 2019ರಲ್ಲಿ ತಿದ್ದುಪಡಿ ತಂದು, ಬ್ಯಾಂಕಿಗೂ ಸಿಮ್ಮಿಗೂ ಇಷ್ಟ ಇದ್ದವರು ಕೊಡಬಹುದು ಅಂದರು. ನಮಗೆ ತುಂಬಾ ಇಷ್ಟ. ಕೇಳೋಕೆ ಮುಂಚೆನೇ ಕೊಡುತ್ತೇವೆ.

ನಂಬಿಕೆ ಇಲ್ಲದಿದ್ದರೆ ಯಾವುದಾದರೂ ಕಚೇರಿ ಎದುರಿನ ಜೆರಾಕ್ಸ್ ಅಂಗಡಿಗೆ ಬನ್ನಿ. ಗೋಡೆ ಮೇಲೆ ದೊಡ್ಡದಾಗಿ ವಾಟ್ಸಾಪ್ ನಂಬರ್. "ಅಣ್ಣಾ, ಇದಕ್ಕೆ ಕಳಿಸ್ರಿ." ನೀವು ಕಳಿಸುತ್ತೀರಿ. ಕಂಪ್ಯೂಟರ್ ಪರದೆ ಗಿರಾಕಿಗಳ ಕಡೆಗೇ ತಿರುಗಿದೆ, ಯಾಕೆಂದರೆ ಯಾವುದು ನಿಮ್ಮದು ಅಂತ ನೀವೇ ಹೇಳಬೇಕು. ಹುಡುಗ ಒಂದೊಂದೇ ತೆಗೆಯುತ್ತಾ ಹೋಗುತ್ತಾನೆ. ಯಾರದೋ ಪಹಣಿ. ಯಾರದೋ ಜಾತಿ ಸರ್ಟಿಫಿಕೇಟು. ಯಾರದೋ ಹೆಂಡತಿಯ ಸ್ಕ್ಯಾನಿಂಗ್ ರಿಪೋರ್ಟು. "ಇದಾ?" "ಅಲ್ಲ, ಮುಂದೆ." "ಇದಾ?" ಹಿಂದೆ ನಿಂತವರೆಲ್ಲಾ ಕತ್ತು ಚಾಚಿ ನೋಡುತ್ತಾರೆ. ಸಾಲ ಬಾಕಿ ನೋಟಿಸ್ ಬಂದಾಗ ಒಬ್ಬರು ಪಾಪ ಅಂತಾರೆ, ಇನ್ನೊಬ್ಬರು ನನಗೆ ಮೊದಲೇ ಗೊತ್ತಿತ್ತು ಅಂತಾರೆ. ನಿಮ್ಮ ಆಧಾರ್ ಬರೋ ಹೊತ್ತಿಗೆ ಅರ್ಧ ಬಳ್ಳಾರಿಯ ಹಣೆಬರಹ ಓದಿ ಮುಗಿಸಿರುತ್ತೀರಿ.

ಹುಡುಗನ ತಪ್ಪಿಲ್ಲ ಬಿಡಿ. ಅವನು ಯಾರ ಆಧಾರನ್ನೂ ಕೇಳಿಲ್ಲ. ಕೇಳಿದ್ದು ರಸ್ತೆ ಆಚೆ ಇರೋ ಕಿಟಕಿ. ಆ ಕಿಟಕಿಯಲ್ಲಿ ಇರೋರಿಗೂ ಯಾಕೆ ಬೇಕು ಅಂತ ಗೊತ್ತಿಲ್ಲ. ಒಮ್ಮೆ ಕೇಳಿ ನೋಡಿದೆ. "ಇರ್ಲಿ ಬಿಡ್ರಿ ಸರ, ಫೈಲು ಒಂಚೂರು ದಪ್ಪ ಕಾಣಬೇಕಲ್ಲ" ಅಂದರು. ಇದಕ್ಕಿಂತ ಪ್ರಾಮಾಣಿಕ ಉತ್ತರ ಸುಪ್ರೀಂ ಕೋರ್ಟ್‌ಗೂ ಸಿಕ್ಕಿಲ್ಲ.

ನಮ್ಮ ಭಾಗದಲ್ಲಿ ಸಂವಿಧಾನದ ಒಂದು ವಿಧಿ ಮಕ್ಕಳಿಗೂ ಬಾಯಿಪಾಠ: 371ಜೆ. ಕಲ್ಯಾಣ ಕರ್ನಾಟಕಕ್ಕೆ ಸೀಟು, ಕೆಲಸದಲ್ಲಿ ಮೀಸಲಾತಿ ಕೊಡುವ ವಿಧಿ. ಹೋರಾಡಿ ಪಡೆದದ್ದು, ಹೆಮ್ಮೆ ಪಡಬೇಕಾದ್ದೇ. ಆದರೆ ಆ ಸರ್ಟಿಫಿಕೇಟಿಗೆ ಅರ್ಜಿ ಹಾಕುವ ದಿನ ಮನೆಮಂದಿಯ ದಾಖಲೆಗಳೆಲ್ಲಾ ಆ ಪರದೆ ಮೇಲೆ ಮೆರವಣಿಗೆ ಹೋಗುತ್ತವೆ. 371ಜೆ ಪಡೆಯೋ ಆತುರದಲ್ಲಿ 21ನೇ ವಿಧಿಯನ್ನು ಕೌಂಟರ್ ಮೇಲೆ ಮರೆತು ಬರುತ್ತೇವೆ.

ಸರ್ಕಾರಕ್ಕೂ ಒಮ್ಮೆ ಬುದ್ಧಿ ಬಂದಿತ್ತು. 2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಕಂಡಕಂಡವರಿಗೆ ಆಧಾರ್ ಜೆರಾಕ್ಸ್ ಕೊಡಬೇಡಿ, ದುರುಪಯೋಗ ಆಗಬಹುದು, ಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಕೊಡಿ ಅಂತ. ಜನ ಗಾಬರಿಯಾದರು. ಇಷ್ಟು ವರ್ಷ ಕೊಟ್ಟಿದ್ದೆಲ್ಲಾ? ಮೇ 29ಕ್ಕೆ ಪ್ರಕಟಣೆ ವಾಪಸ್. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದು, ಮಾಮೂಲಿ ಎಚ್ಚರಿಕೆ ಇದ್ದರೆ ಸಾಕು ಅಂದರು. ಅಂದರೆ ಬುದ್ಧಿ ಬಂದಿದ್ದು ಶುಕ್ರವಾರ, ಹೋಗಿದ್ದು ಭಾನುವಾರ. ರಜೆ ದಿನವೂ ಕೆಲಸ ಮಾಡಿ ವಾಪಸ್ ಪಡೆದಿದ್ದಾರೆ ನೋಡಿ, ಮೆಚ್ಚಬೇಕು.

ಇನ್ನು ಈ ಜೆರಾಕ್ಸ್‌ಗಳು ಕೊನೆಗೆ ಎಲ್ಲಿ ಹೋಗುತ್ತವೆ? ಸ್ವಲ್ಪ ಕೆಂಪು ಬಟ್ಟೆಯ ಗಂಟಲ್ಲಿ, ಹೆಗ್ಗಣಗಳ ಪಾಲಿಗೆ. ಉಳಿದದ್ದು ರದ್ದಿಗೆ. ಮೊನ್ನೆ ಸಂಜೆ ಬಂಡಿಯಲ್ಲಿ ಒಗ್ಗರಣಿ ಮಿರ್ಚಿ ತಿನ್ನುವಾಗ ನನ್ನ ಪಾಲಿಗೆ ಬಂದ ಕಾಗದದಲ್ಲಿ ಒಬ್ಬ ಅಜ್ಜಿ ಇದ್ದಳು. ಹಣೆ ತುಂಬಾ ವಿಭೂತಿ, ಕ್ಯಾಮೆರಾ ಕಂಡು ಹೆದರಿದ ಮುಖ. ಎಣ್ಣೆ ಇಳಿದು 12 ಅಂಕಿಯೂ ಹಿಂದಿನಿಂದಲೂ ಓದುವಷ್ಟು ಸ್ಪಷ್ಟ. ಕೆಳಗೆ ಸಹಿ ಇರಬೇಕಾದ ಜಾಗದಲ್ಲಿ ನೀಲಿ ಇಂಕಿನ ಹೆಬ್ಬೆಟ್ಟು, ಒಂದೊಂದು ಗೆರೆಯೂ ಎದ್ದು ಕಾಣುವ ಹಾಗೆ. ಬಯೋಮೆಟ್ರಿಕ್ ಅಂದರೆ ಇದೇ. 13 ಅಡಿ ಗೋಡೆ ಕಟ್ಟಿದ್ದು ಇದಕ್ಕೇ. ಕಾಗದ ಚೂರು ಚೂರು ಮಾಡಿ ಎಸೆದೆ. "ಯಾಕ್ರಿ, ಮಿರ್ಚಿ ಚೊಲೋ ಇಲ್ಲೇನು?" ಅಂದ ಬಂಡಿಯವನು. ಇನ್ನೊಂದು ಪ್ಲೇಟ್ ಕೊಟ್ಟ, ಈ ಸಲ ಯಾವುದೋ ಹೈಸ್ಕೂಲ್ ಹುಡುಗನ ಟಿಸಿ ಮೇಲೆ.

ಇದನ್ನೆಲ್ಲಾ ಸುಮ್ನೆ ಬಿಡಬಾರದು ಅಂತ ನಮ್ಮ ಓಣಿಯ ರಿಟೈರ್ಡ್ ಮೇಷ್ಟ್ರು ಮಾಹಿತಿ ಹಕ್ಕಿನ ಅರ್ಜಿ ಬರೆದರು. ಯಾವ ಆದೇಶದ ಪ್ರಕಾರ ಎಲ್ಲಾ ಅರ್ಜಿಗೂ ಆಧಾರ್ ಜೆರಾಕ್ಸ್ ಕೇಳುತ್ತೀರಿ? ಅದರ ಪ್ರತಿ ಕೊಡಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಮೇತ ಕಿಟಕಿಗೆ ಹೋದರು. ಒಳಗಿನವರು ಅರ್ಜಿ ತಿರುಗಿಸಿ ನೋಡಿದರು.

"ಮೇಷ್ಟ್ರೇ, ಆಧಾರ್ ಜೆರಾಕ್ಸ್ ಹಚ್ಚಿಲ್ಲಲ್ರಿ?"

ಮಾಹಿತಿ ಹಕ್ಕು ಕಾಯ್ದೆಯ 6(2)ನೇ ಸೆಕ್ಷನ್ ಪ್ರಕಾರ ವಿಳಾಸ ಬಿಟ್ಟು ಬೇರೆ ವಿವರ ಕೇಳುವಂತಿಲ್ಲ ಅಂತ ಮೇಷ್ಟ್ರು ವಿವರಿಸಿದರು. ಅವರು ಪೂರ್ತಿ ಕೇಳಿಸಿಕೊಂಡರು, ಒಳ್ಳೆಯವರು. "ಅದು ಖರೆ ರೀ. ಆದ್ರ ಸಾಹೇಬ್ರು ವಾಪಸ್ ಕಳಸ್ತಾರ." ಊಟದ ಟೈಮ್ ಆಗ್ತಿತ್ತು. ಮೇಷ್ಟ್ರು ಸೋತು, ಚೀಲದಿಂದ ಮಾಸ್ಕ್ ಆಧಾರ್ ತೆಗೆದು ಕೊಟ್ಟರು. ಕೊನೆಯ 4 ಅಂಕಿ ಮಾತ್ರ ಇರೋದು.

"ಇದೇನ್ರಿ, ಪ್ರಿಂಟ್ ಕೆಟ್ಟೈತಿ. ನಂಬರ್ ಹೇಳ್ರಿ, ನಾನೇ ತುಂಬ್ತೀನಿ" ಅಂತ ಅವರು ಪೆನ್ನು ತೆಗೆದರು. ತಲೆ ಮೇಲೆ ಫ್ಯಾನಿನ ಗಡಗಡ. ಮೇಷ್ಟ್ರು ಕ್ಲಾಸಲ್ಲಿ ಮಗ್ಗಿ ಹೇಳಿಸಿದ ದನಿಯಲ್ಲೇ ಉಳಿದ 8 ಅಂಕಿ ಕೂಗಿ ಹೇಳಿದರು. ಕ್ಯೂ ಹಿಂದಿನಿಂದ ಜೆರಾಕ್ಸ್ ಅಂಗಡಿ ಹುಡುಗ, ಯಾರದೋ ಪ್ರತಿ ಕೊಡೋಕೆ ಬಂದವನು, ತಡೆದ.

"ಸರ, ನಾಕನೇದು ಐದಲ್ರಿ, ಏಳು."