ರದ್ದಿ ಕಾಗದಕ್ಕೂ ಆಡಿಟ್

“ಕಾರ್ಡ್ ಶಾಲೆಗೆ ತರುವುದು ಬೇಡ, ಫೋಟೋ ಕಳಿಸಿದರೆ ಸಾಕು.” ನಿನ್ನೆ ರಾತ್ರಿ ಮಗಳ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬಂದ ಮೆಸೇಜ್ ಇದು. ಕೊನೆಗೊಂದು ನಗುಮುಖ, ಪಕ್ಕದಲ್ಲಿ ಪುಟ್ಟ ಗಿಡ. ನನ್ನ ಚಟ್ನಿ ಜಾರ್ ಹಾಳಾಗಿ, ಸಿಂಕ್ ಕಟ್ಟಿಕೊಂಡು, ಮಾವನ ಪಂಚೆ ಬಣ್ಣ ಬದಲಾಯಿಸಿದ ಮೇಲೆ ಬಂದ ಮೆಸೇಜ್.

ಮನೆಯ ರದ್ದಿಯಿಂದ ಹೊಸ ಕಾಗದ ಮಾಡಿ, ಅದರಲ್ಲಿ ಸಂಕ್ರಾಂತಿ ಗ್ರೀಟಿಂಗ್ ಕಾರ್ಡ್ ತಯಾರಿಸಬೇಕಿತ್ತು. “ಮಕ್ಕಳೇ ಸ್ವತಃ ಮಾಡತಕ್ಕದ್ದು.” ಈ ಸಾಲಿನ ಅರ್ಥ ಎಲ್ಲ ಅಮ್ಮಂದಿರಿಗೂ ಗೊತ್ತು. ಮಗಳು ಯೂಟ್ಯೂಬ್ ವಿಡಿಯೋ ಹಾಕಿಕೊಟ್ಟಳು. ಅಲ್ಲಿಗೆ ಅವಳ ಪಾಲು ಮುಗಿಯಿತು. ಚೂರು ಮಾಡಿ, ರಾತ್ರಿಯಿಡೀ ನೆನೆಸಿ, ರುಬ್ಬಿ, ಟಬ್ಬಿನ ನೀರಿಗೆ ಕದಡಿ, ಜಾಲರಿಯ ಚೌಕಟ್ಟಿನಲ್ಲಿ ಎತ್ತಿ, ಬಟ್ಟೆಯ ಮೇಲೆ ಬೋರಲು ಹಾಕಿ ಒಣಗಿಸುವುದು. ಅಷ್ಟೇ ಅಂತೆ. ಚೌಕಟ್ಟನ್ನು ಆನ್‌ಲೈನಿನಲ್ಲಿ ತರಿಸಿದೆವು. ಅದು ದೊಡ್ಡದೊಂದು ರಟ್ಟಿನ ಡಬ್ಬದಲ್ಲಿ, ಸುತ್ತಲೂ ಕಾಗದ ತುರುಕಿಸಿಕೊಂಡು ಬಂತು. ಕಾಗದ ಉಳಿಸುವ ಕೆಲಸಕ್ಕೆ ಒಳ್ಳೇ ಶುರು ಅಲ್ವಾ?

ವಿಡಿಯೋದಲ್ಲಿ ‘ಚೂರು ಮಾಡಿ’ ಅನ್ನುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುತ್ತದೆ. ಆ ಮನೆಯಲ್ಲಿ ನಮ್ಮ ಮಾವ ಇಲ್ಲ.

ಮಾವ ಅಕೌಂಟ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರು ಓದದ ಕಾಗದ ಈ ಮನೆಯ ಹೊಸ್ತಿಲು ದಾಟುವುದಿಲ್ಲ. ರದ್ದಿ ಚೀಲ ಸುರಿದಿದ್ದೇ ತಡ, ಕನ್ನಡಕ ಹಾಕಿಕೊಂಡು ಬಂದು ಪಕ್ಕದಲ್ಲೇ ಕೂತರು. “ಕೊಡಮ್ಮಾ, ಹರಿಯೋಕೆ ಮುಂಚೆ ಒಂದ್ಸಲ ನೋಡಿಬಿಡ್ತೀನಿ.” ಹಳೇ ಗ್ಯಾಸ್ ರಸೀದಿ ಸಿಕ್ಕಿತು. ಆಗಿನ ಬೆಲೆ, ಈಗಿನ ಬೆಲೆ, ನಡುವೆ ಬಂದ ಸರ್ಕಾರಗಳು, ಎಲ್ಲದರ ಮೇಲೂ ಚರ್ಚೆಯಾಯಿತು. ಮದುವೆ ಕಾಗದ ಸಿಕ್ಕಿತು. ‘ಸುಖಾಗಮನ ಬಯಸುವವರು’ ಪಟ್ಟಿಯನ್ನು ಪೂರ್ತಿ ಓದಿ, ಯಾರು ಈಗ ಎಲ್ಲಿದ್ದಾರೆ, ಯಾರಿಗೆ ಮೊಮ್ಮಕ್ಕಳಾದವು, ಯಾರು ಸಾಲ ವಾಪಸ್ ಕೊಟ್ಟಿಲ್ಲ ಅಂತ ವರದಿ ಕೊಟ್ಟರು. ಎಂದೋ ಕೆಟ್ಟು ಗುಜರಿಗೆ ಹೋದ ಮಿಕ್ಸಿಯ ವಾರಂಟಿ ಕಾರ್ಡ್? “ಇರಲಿ, ಏನು ಭಾರವಾ?” ಅರ್ಧ ಬಿಡಿಸಿದ ಪದಬಂಧ ಸಿಕ್ಕಾಗ ಪೆನ್ನು ಕೇಳಿದರು.

ಸಂಜೆಯಾಗುವಷ್ಟರಲ್ಲಿ ನೆಲದ ಮೇಲೆ ಮೂರು ಗುಡ್ಡೆ. ಬೇಕಾದದ್ದು, ಮುಂದೆ ಬೇಕಾಗಬಹುದಾದದ್ದು, ಯಾರನ್ನಾದರೂ ಕೇಳಿ ನೋಡಬೇಕಾದದ್ದು. ನನ್ನ ಪಾಲಿಗೆ ಬಿಟ್ಟುಕೊಟ್ಟಿದ್ದು ಎಟಿಎಂ ಚೀಟಿ, ಅಂಗಡಿ ಬಿಲ್ಲು, ಲ್ಯಾಮಿನೇಷನ್ ಮಾಡಿದ ಇನ್ನೊಂದು ಮದುವೆ ಕಾಗದ. ರುಬ್ಬಬಾರದ್ದು ಯಾವುದೋ ಅದನ್ನೇ ಆರಿಸಿ ಕೊಟ್ಟಿದ್ದರು! ಆ ಚೀಟಿ, ಬಿಲ್ಲುಗಳಲ್ಲಿ ಅಕ್ಷರ ಮೂಡುವುದು ಶಾಯಿಯಿಂದಲ್ಲ, ಬಿಸಿ ತಾಗಿದಾಗ ಬಣ್ಣ ತಿರುಗುವ ರಾಸಾಯನಿಕದ ಲೇಪದಿಂದ. ಇನ್ನು ಲ್ಯಾಮಿನೇಷನ್ ಅಂದರೆ ಪ್ಲಾಸ್ಟಿಕ್, ಎಷ್ಟು ನೆನೆಸಿದರೂ ಕರಗುವುದಿಲ್ಲ.

ಅವರು ಮಲಗಿದ ಮೇಲೆ ಹಳೇ ಪೇಪರು, ಮಗಳ ಹೋದ ವರ್ಷದ ನೋಟ್‌ಬುಕ್ಕು ಹರಿದು ಬಕೆಟ್ಟಿಗೆ ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ಬಕೆಟ್ಟಿನ ಮುಂದೆ ಬಗ್ಗಿ ನಿಂತಿದ್ದಾರೆ. “ಇದು ಹೋದ ಭಾನುವಾರದ ಪುರವಣಿ ಅಲ್ವೇನಮ್ಮಾ? ಕೊನೇ ಪುಟ ಎಲ್ಲಿ?”

ಮೊದಲ ಹಾಳೆ ಹರಿದ ಹಪ್ಪಳದ ಹಾಗೆ ಬಂತು. ಅಂಗಡಿಯ ಕೈಕಾಗದ ಗಟ್ಟಿ ಇರುವುದು ಅದನ್ನು ಹೆಚ್ಚಾಗಿ ಹತ್ತಿಬಟ್ಟೆಯ ಚೂರಿನಿಂದ ಮಾಡುವುದರಿಂದ. ಅದರ ನಾರು ಉದ್ದ. ನ್ಯೂಸ್‌ಪೇಪರಿನ ನಾರು ಮೊದಲೇ ಗಿಡ್ಡ, ರುಬ್ಬಿದಷ್ಟೂ ಇನ್ನೂ ಗಿಡ್ಡ. ಇದನ್ನು ಹೇಳಿದ್ದೂ ಮಾವನೇ. ಗಾಂಧೀಜಿಯವರ ಪ್ರೇರಣೆಯಿಂದ 1940ರಲ್ಲಿ ಪುಣೆಯಲ್ಲಿ ಶುರುವಾದ ಕೈಕಾಗದ ಸಂಸ್ಥೆಯ ಬಗ್ಗೆ ಒಂದು ಪೇಪರ್ ಕಟಿಂಗ್ ಇಟ್ಟುಕೊಂಡಿದ್ದಾರೆ. ಅದನ್ನೂ ರುಬ್ಬಲು ಕೊಡಲಿಲ್ಲ.

ಶಾಯಿ ಸೇರಿ ಕಾಗದ ಬೂದಿ ಬಣ್ಣಕ್ಕೆ ತಿರುಗಿತ್ತು. ಹಬ್ಬದ ಕಾರ್ಡಿಗೆ ಇದೇನು ಬಣ್ಣ ಅಂತ ಅರಿಶಿನ ಹಾಕಿದೆ. ಹಾಳೆ ಬೋರಲು ಹಾಕಲು ಮಾವನ ಹಳೇ ಪಂಚೆ ಹಾಸಿದ್ದೆ. ಆಮೇಲೆ ಅದನ್ನು ಸೋಪಿನ ನೀರಿಗೆ ಹಾಕಿದರೆ ಅರಿಶಿನವೆಲ್ಲ ಕೆಂಪಾಯಿತು. ಈಗ ಅದನ್ನು ಉಟ್ಟುಕೊಂಡು ವಾಕಿಂಗ್ ಹೋಗುವ ಹಾಗಿಲ್ಲ. ಇತ್ತ ನಮ್ಮ ಯಜಮಾನರು ಸಹಾಯ ಮಾಡ್ತೀನಿ ಅಂತ ಉಳಿದ ಪಲ್ಪನ್ನು ಸಿಂಕಿಗೆ ಸುರಿದರು. ನೀರು ಹೋಯಿತು, ಕಾಗದ ಪೈಪಿನಲ್ಲೇ ಕೂತಿತು. ಪ್ಲಂಬರ್ ಅದನ್ನು ತೆಗೆದು ನೋಡಿ, “ಮೇಡಂ, ಮನೇಲಿ ಯಾರು ಪೇಪರ್ ತಿನ್ನೋದು?” ಅಂದ.

ಇಷ್ಟರ ನಡುವೆ ಮಾವ ತಮ್ಮ ಟ್ರಂಕು ತೆಗೆದು ಒಂದು ಕಟ್ಟು ತಂದಿದ್ದರು. ಹಳೇ ಸಂಕ್ರಾಂತಿ ಕಾರ್ಡುಗಳು. ಕಬ್ಬು, ಎತ್ತು, ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’. ಲಕೋಟೆ ಅಂಟಿಸದೆ, ಸ್ಟಾಂಪಿನ ದುಡ್ಡು ಉಳಿಸಲು ಮೇಲೆ ‘ಬುಕ್ ಪೋಸ್ಟ್’ ಅಂತ ಬರೆದವು. ಜನವರಿ ಬಂದರೆ ನಾವೂ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತಿದ್ದೆವಲ್ಲ, ಯಾರಿಗೆ ಜಾಸ್ತಿ ಕಾರ್ಡು ಬಂತು ಅಂತ ಜಗಳ ಬೇರೆ. ಇವನ್ನು ಮಾತ್ರ ಮಾವ ಜೋರಾಗಿ ಓದಲಿಲ್ಲ. ಕಳಿಸಿದವರಲ್ಲಿ ಎಷ್ಟು ಜನ ಉಳಿದಿದ್ದಾರೆ ಅಂತ ನಾನೂ ಕೇಳಲಿಲ್ಲ.

ಶಾಲೆಗೆ ಬೇಡವಾದ ಕಾರ್ಡನ್ನು ಇವತ್ತು ಮಾವ ತಮ್ಮ ಗೆಳೆಯರಿಗೆ ಕಳಿಸಲು ಹೊರಟರು. ಇಂಕ್ ಹರಡದಿರಲಿ ಅಂತ ನಾನು ಅದಕ್ಕೆ ಗಂಜಿ ಬೇರೆ ಸವರಿದ್ದೆ. ಅಂಚೆ ಕಚೇರಿಯಲ್ಲಿ ತೂಕಕ್ಕಿಟ್ಟರೆ 20 ಗ್ರಾಂ ದಾಟಿತು. “ಐದು ರೂಪಾಯಿ ಸಾಲದು ಸಾರ್, ಇನ್ನೊಂದು ಐದರ ಸ್ಟಾಂಪ್ ಹಚ್ಚಿ” ಅಂದರು ಕೌಂಟರಿನವರು. ಮಾವ ಅವರ ಹತ್ತಿರವೇ ಕತ್ತರಿ ಕೇಳಿ ಪಡೆದು, ಕಾರ್ಡಿನ ನಾಲ್ಕೂ ಅಂಚು ಕತ್ತರಿಸಿ, ಮತ್ತೆ ತೂಗಿಸಿ, ಐದು ರೂಪಾಯಿಯಲ್ಲೇ ಕೆಲಸ ಮುಗಿಸಿದರು. ಕತ್ತರಿಸಿದ ಚೂರುಗಳನ್ನು ಮಡಚಿ ಜೇಬಿಗಿಟ್ಟುಕೊಂಡರು.