ಕಡಲ ಬದಿಯ ಸವಾರಿಗೆ ಉಪ್ಪಿನದೇ ತೊಂದರೆ

ಸೈಕಲ್‌ನಲ್ಲಿ ಉಡುಪಿಯಿಂದ ಕಾಪುವಿಗೆ ಹೆದ್ದಾರಿ 66ರಲ್ಲೇ ಹೋಗಿ ಎಂದು ಒಂದು ಲೇಖನದಲ್ಲಿ ಓದಿದೆ. ದಯವಿಟ್ಟು ಬೇಡ. ಮಲ್ಪೆಯಿಂದ ಸೇತುವೆ ದಾಟಿ ಪಡುಕೆರೆ, ಮಟ್ಟು ಕಡೆಯ ರಸ್ತೆ ಹಿಡಿಯಿರಿ; ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ. ರಸ್ತೆ ಕಿರಿದು. ಮರಳು ಬಿದ್ದ ತಿರುವಿನಲ್ಲಿ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ, ಮೊದಲೇ ವೇಗ ಇಳಿಸಿ. 35 ಮಿ.ಮೀ. ಅಗಲದ ಟೈರಿಗೆ 45–50 ಪಿಎಸ್‌ಐ ಗಾಳಿ ಸಾಕು.

ಇಳಿತದ ಹೊತ್ತಿನ ಗಟ್ಟಿ ಮರಳು ಎಷ್ಟೇ ಆಸೆ ಹುಟ್ಟಿಸಿದರೂ ಅಲೆಯ ನೀರಿಗೆ ಸೈಕಲ್ ಇಳಿಸಬೇಡಿ. ಉಪ್ಪುನೀರು ಚೈನಿನ ರೋಲರ್‌ಗೆ, ಚಕ್ರದ ನಡುವಿನ ಹಬ್‌ನ ಬೇರಿಂಗ್‌ಗೆ ಹೊಕ್ಕರೆ ಬೇಗ ತುಕ್ಕು ಹಿಡಿಯುತ್ತದೆ. ಸಂಜೆಯೇ ಬಾವಿನೀರು ಮೆಲ್ಲಗೆ ಹೊಯ್ದು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪಂಪ್ ಬೇಡವೇ ಬೇಡ, ನೀರು ಒಳಗೆ ನುಗ್ಗಿ ಗ್ರೀಸ್ ಕೆಡುತ್ತದೆ. ಒಣಗಿದ ಮೇಲೆ ಕೊಂಡಿಗೊಂದು ಹನಿ ಚೈನ್ ಎಣ್ಣೆ ಬಿಟ್ಟು, ಮೇಲೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ. ಉಳಿದ ಎಣ್ಣೆಗೆ ಮರಳು ಅಂಟಿದರೆ ಚೈನ್ ಕೂರುವ ಗಾಲಿಯ ಹಲ್ಲುಗಳು ಸವೆಯುತ್ತವೆ.